ತೂಕದಮ್ಮ ಎದುರು ಮಾಳಿಗೆಯ ಟವರನ್ನು ಅಳೆಸಿದ್ದು

ನಮ್ಮ ಕಟ್ಟಡದ ಮೂರನೇ ಮಹಡಿಯಲ್ಲಿ, ಬೀದಿ ಕಡೆಯ ಮನೆಯಲ್ಲಿ ಇರುವವರನ್ನು ಎಲ್ಲರೂ ತೂಕದಮ್ಮ ಎಂದೇ ಕರೆಯುತ್ತಾರೆ. ತೂಕ ಮತ್ತು ಅಳತೆ ಇಲಾಖೆಯಲ್ಲಿ ಮೂವತ್ತೊಂದು ವರ್ಷ ಇನ್ಸ್‌ಪೆಕ್ಟರಾಗಿದ್ದು ನಿವೃತ್ತರಾದವರು. ಹೆಸರು ಕೇಳಿ ದಪ್ಪಗಿರಬಹುದೆಂದು ಎಣಿಸಿ ಬಂದವರು ಬಾಗಿಲು ತೆರೆದ ಕೂಡಲೇ ತಬ್ಬಿಬ್ಬಾಗುತ್ತಾರೆ. ಗಾಳಿ ಜೋರಾಗಿ ಬೀಸಿದರೆ ಹಿಡಿದುಕೊಳ್ಳಬೇಕು ಅನ್ನಿಸುವಂಥ ಮೈಕಟ್ಟು. ಮಾತು ಮಾತ್ರ ಇಟ್ಟಲ್ಲಿಂದ ಕದಲುವುದಿಲ್ಲ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಮಾರುಕಟ್ಟೆಯ ಗಂಡಸರು ಅವರನ್ನು ನೋಡಿ ನಕ್ಕಿದ್ದರಂತೆ. ಇಲಾಖೆಯ ಹಿತ್ತಾಳೆ ತೂಕದ ಬಟ್ಟುಗಳಿದ್ದ ಮರದ ಪೆಟ್ಟಿಗೆ ಅವರ ಕಂಕುಳಲ್ಲಿ ಇರುತ್ತಿತ್ತು. ಆ ಬಟ್ಟುಗಳನ್ನು ಬರಿಗೈಯಲ್ಲಿ ಮುಟ್ಟುವಂತಿಲ್ಲ, ಬೆವರು ಅಂಟಿದರೆ ತೂಕ ಕೆಡುತ್ತದೆ. ಹಾಗಾಗಿ ಬಿಳಿ ಕೈಗವಸು ಬೇರೆ. ಈರುಳ್ಳಿ ವ್ಯಾಪಾರಿಯೊಬ್ಬ, "ಏನಮ್ಮಾ, ಕೈಗವಸು ಹಾಕ್ಕೊಂಡು ಎಲ್ಲಿಗೆ ಹೊರಟ್ರಿ?" ಎಂದು ಕೇಳಿದನಂತೆ. "ನಾನು ಎಲ್ಲಿಗೂ ಇಲ್ಲಪ್ಪ. ನಿನ್ನ ತಕ್ಕಡಿ ಹೊರಡುತ್ತೆ," ಎಂದು ಇವರು ತಟ್ಟೆ ಎತ್ತಿ, ಅದರ ಅಡಿಯಲ್ಲಿ ಮೆತ್ತಿದ್ದ ಮೇಣದ ಉಂಡೆ ಕಿತ್ತು ಅವನ ಕೈಗೇ ಕೊಟ್ಟರು. ಆ ಸಾಲಿನಲ್ಲಿ ಆಮೇಲೆ ಯಾರೂ ನಗಲಿಲ್ಲ.

ಆದರೆ ಅವರೇ ಹೇಳುವಂತೆ, ಮೇಣ ಮೆತ್ತುವವರು ಕಡಿಮೆ. ಹೆಚ್ಚಿನವರ ತಕ್ಕಡಿ ಅವರಿಗೇ ಗೊತ್ತಿಲ್ಲದೆ ತಪ್ಪುತ್ತದೆ. ಸ್ವಂತ ಅಣ್ಣನ ಹಿಟ್ಟಿನ ಅಂಗಡಿಯಲ್ಲಿ ಕಿಲೋಗೆ ನಲವತ್ತು ಗ್ರಾಂ ಕಡಿಮೆ ತೂಗುತ್ತಿತ್ತು. ಸ್ಪ್ರಿಂಗ್ ಸವೆದಿತ್ತು, ಅಷ್ಟೇ. ತಂಗಿ ತಕ್ಕಡಿಗೆ ಬೀಗಮುದ್ರೆ ಹಾಕಿದಳು, ಅಣ್ಣ ಆರು ತಿಂಗಳು ಮಾತು ಬಿಟ್ಟ. ಮರುವರ್ಷ ಪರೀಕ್ಷೆಯ ದಿನ ತಕ್ಕಡಿಯನ್ನು ಮಗುವಿನ ಹಾಗೆ ಎತ್ತಿಕೊಂಡು ಎಲ್ಲರಿಗಿಂತ ಮುಂಚೆ ಸಾಲಿನಲ್ಲಿ ನಿಂತಿದ್ದವನು ಅವನೇ.

ಅವರ ಯಜಮಾನರು ಪತ್ರಿಕೆಯೊಂದರ ಅಚ್ಚುಕೂಟದಲ್ಲಿ ಕರಡು ತಿದ್ದುತ್ತಿದ್ದವರು. ಕರಡು ಮೇಷ್ಟ್ರು ಎಂದರೆ ಬೀದಿಗೆಲ್ಲ ಗೊತ್ತು. ಬಹಳ ಒಳ್ಳೆಯ ಮನುಷ್ಯ, ಆದರೆ ಒಂದು ದೌರ್ಬಲ್ಯ. ಕಾಗುಣಿತ ಸರಿಯಾಗಿದ್ದರೆ ಸಾಕು, ಏನು ಬರೆದಿದ್ದರೂ ನಂಬುತ್ತಾರೆ.

ಮೂರು ವರ್ಷದ ಹಿಂದೆ ಒಂದು ಬುಧವಾರ ಎದುರಿನ ವಸತಿಗೃಹಕ್ಕೆ ಕ್ರೇನ್ ಬಂತು. ನಾವೆಲ್ಲ ನೀರಿನ ತೊಟ್ಟಿ ಏರಿಸುತ್ತಿದ್ದಾರೆ ಎಂದುಕೊಂಡೆವು. ಶುಕ್ರವಾರದ ಹೊತ್ತಿಗೆ ಆ ಮಾಳಿಗೆಯ ನಡುವೆ ಕಬ್ಬಿಣದ ಕಂಬಗಳು ಎದ್ದು, ಅವಕ್ಕೆ ಉದ್ದುದ್ದದ ಬೂದು ಪೆಟ್ಟಿಗೆಗಳು ಅಂಟಿಕೊಂಡಿದ್ದವು. ಮೊಬೈಲ್ ಟವರು. ಅದರಲ್ಲಿ ಎರಡು ಪೆಟ್ಟಿಗೆಗಳ ಮುಖ ನೆಟ್ಟಗೆ ನಮ್ಮ ಕಡೆಗೇ ಇತ್ತು.

ಆ ಕಾಲಕ್ಕೆ ನಾನು ಕಟ್ಟಡದ ನಿವಾಸಿಗಳ ಸಂಘದ ಕಾರ್ಯದರ್ಶಿ. ಅಂದರೆ ಲಿಫ್ಟ್ ನಿಂತರೂ, ನಲ್ಲಿ ಸೋರಿದರೂ ಬೈಸಿಕೊಳ್ಳುವ ಹುದ್ದೆ. ಟವರು ಬಂದ ಮೇಲೆ ನನ್ನ ಬಾಗಿಲಿಗೆ ಬಿಡುವೇ ಇಲ್ಲವಾಯಿತು. ಕೆಳಗಿನ ಸಲೂನಿನವನು ಬಂದು, ಈಚೆಗೆ ಗಿರಾಕಿಗಳ ಕೂದಲು ಸಿಕ್ಕಾಪಟ್ಟೆ ಉದುರುತ್ತಿದೆ ಎಂದ. "ಅದಕ್ಕೇ ತಾನೆ ನಿನ್ನ ಹತ್ತಿರ ಬರೋದು," ಎಂದರೆ, "ತಮಾಷೆ ಅಲ್ಲ ಸಾರ್, ಕತ್ತರಿ ಹಾಕೋದಕ್ಕೂ ಮುಂಚೆ ಉದುರ್ತಿದೆ," ಎಂದು ಮುಖ ಗಂಟಿಕ್ಕಿದ. ಎರಡನೇ ಮಹಡಿಯವರ ಗುಲಾಬಿ ಗಿಡ ಬಾಡಿತು. ಒಬ್ಬರಿಗೆ ತಲೆನೋವು, ಇನ್ನೊಬ್ಬರಿಗೆ ಕಿವಿಯಲ್ಲಿ ಗುಂಯ್ ಎಂಬ ಸದ್ದು.

ನಕ್ಕು ತಳ್ಳಿಹಾಕುವಂತಿರಲಿಲ್ಲ. ನಾಲ್ಕನೇ ಮಹಡಿಯಲ್ಲಿ ಐದು ತಿಂಗಳ ಬಸುರಿ ಇದ್ದಳು, ಗ್ರಂಥಾಲಯದಲ್ಲಿ ಕೆಲಸ ಮಾಡುವ ಹುಡುಗಿ. ಅವಳು ಗಲಾಟೆ ಮಾಡಲಿಲ್ಲ. ಮೆಟ್ಟಿಲ ಮೇಲೆ ಸಿಕ್ಕಾಗ ನನ್ನನ್ನು ನಿಲ್ಲಿಸಿ, "ನಮ್ಮ ಮಲಗೋ ಕೋಣೆ ಕಿಟಕಿ ಎದುರಿಗೇ ಇದೆ. ಏನಾದ್ರೂ ಆಗುತ್ತಾ?" ಎಂದು ಮೆಲ್ಲಗೆ ಕೇಳಿದಳು. ನನಗೆ ಉತ್ತರ ಗೊತ್ತಿರಲಿಲ್ಲ. ಹಾಗೆಂದು ಒಪ್ಪಿಕೊಳ್ಳುವ ಧೈರ್ಯವೂ ಇರಲಿಲ್ಲ. ಲಿಫ್ಟ್ ಬಗ್ಗೆ ಏನೋ ಮಾತಾಡಿ ಜಾರಿಕೊಂಡೆ.

ಕರಡು ಮೇಷ್ಟ್ರ ಫೋನಿಗೆ ದಿನಕ್ಕೆ ಹತ್ತು ಎಚ್ಚರಿಕೆ ಸಂದೇಶ ಬರತೊಡಗಿದವು. ಒಂದೊಂದರಲ್ಲೂ ಸಾಲಿಗೆ ಎರಡು ತಪ್ಪು. ಅವರಿಗೆ ಸಹಿಸಲಾಗುತ್ತಿರಲಿಲ್ಲ. ಕೂತು ಒತ್ತಕ್ಷರ ಸರಿಮಾಡಿ, ಅಲ್ಪವಿರಾಮ ಹಾಕಿ, ಅಚ್ಚುಕಟ್ಟು ಮಾಡಿ ಎಲ್ಲರಿಗೂ ಕಳಿಸುತ್ತಿದ್ದರು. ತಿದ್ದಿದ ಮೇಲೆ ಅವರೇ ಓದಿ ನಂಬಿಬಿಡುತ್ತಿದ್ದರು. ಕೊನೆಗೆ ಅಡುಗೆಮನೆಯ ಅಲ್ಯೂಮಿನಿಯಂ ಹಾಳೆಯ ಸುರುಳಿ ತಂದು ಕಿಟಕಿಗೆಲ್ಲ ಅಂಟಿಸಿದರು. ಕೋಣೆ ಕತ್ತಲಾಯಿತು, ಫೋನಿನ ಸಿಗ್ನಲ್ಲೂ ಸತ್ತಿತು. ಎಚ್ಚರಿಕೆ ಕಳಿಸಬೇಕಾದಾಗಲೆಲ್ಲ ಮೆಟ್ಟಿಲಿಗೆ ಬಂದು ನಿಲ್ಲುವಂತಾಯಿತು.

"ಇವಳೇ, ನೀನು ಏನೂ ಹೇಳ್ತಾನೇ ಇಲ್ಲ," ಎಂದರಂತೆ ಹೆಂಡತಿಗೆ.

"ಅಳೆಯದೆ ನಾನು ಯಾವತ್ತು ಏನು ಹೇಳಿದ್ದೀನಿ ರೀ?"

ಭಾನುವಾರ ಬೆಳಿಗ್ಗೆ ನಮ್ಮ ಮನೆಯಲ್ಲಿ ಸಂಘದ ಸಭೆ. ಅರ್ಧ ಜನ ಟವರು ಕಿತ್ತುಹಾಕಿಸಬೇಕು ಎಂದರು. ಇನ್ನರ್ಧ ಜನ ಇದೆಲ್ಲ ಬೊಗಳೆ, ಫೋನ್ ಚೆನ್ನಾಗಿ ಸಿಗುತ್ತಿದೆ, ಸುಮ್ಮನಿರಿ ಎಂದರು. ದನಿ ಏರಿತು. ತೂಕದಮ್ಮ ಮೂಲೆಯ ಸ್ಟೂಲಿನ ಮೇಲೆ ಕೂತಿದ್ದರು. ಎಲ್ಲರೂ ಉಸಿರು ತೆಗೆದುಕೊಳ್ಳುವಾಗ, "ಎಷ್ಟಿದೆ?" ಎಂದು ಕೇಳಿದರು.

"ಏನು ಎಷ್ಟಿದೆ?"

"ಅದೇ, ಆ ಪೆಟ್ಟಿಗೆಯಿಂದ ಬರೋದು. ನಮ್ಮ ಕಿಟಕಿ ಹತ್ತಿರ ಎಷ್ಟಿದೆ?"

"ಜಾಸ್ತಿ ಇದೆ ಮೇಡಂ," ಎಂದ ಸಲೂನಿನವನು.

"ಜಾಸ್ತಿ ಅನ್ನೋದು ಅಂಕಿ ಅಲ್ಲಪ್ಪ. ಏನೂ ಇಲ್ಲ ಅನ್ನೋದೂ ಅಂಕಿ ಅಲ್ಲ," ಎಂದು ಬೊಗಳೆ ಎಂದವರತ್ತ ತಿರುಗಿದರು. "ಎಷ್ಟಿರಬಹುದು ಅಂತ ಸರ್ಕಾರ ಒಂದು ಮಿತಿ ಇಟ್ಟಿರುತ್ತೆ. ಇಲ್ಲಿ ಎಷ್ಟಿದೆ ಅಂತ ಯಾರೋ ಬರೆದುಕೊಟ್ಟಿರಬೇಕು. ಅದನ್ನ ನೋಡೋಣ. ಕಾರ್ಯದರ್ಶಿಗಳೇ, ನಾಳೆ ಬಿಡುವಿದೆಯಾ?"

ಬಿಡುವಿಲ್ಲ ಎಂದರೆ ಬಿಡುವವರಲ್ಲ. ಹೋದೆ.

ನಿಸ್ತಂತು ಸಂಪರ್ಕದ ಕಚೇರಿ ಹಳೆಯ ಅಂಚೆ ಕಟ್ಟಡದ ಹಿಂದಿನ ಎರಡು ಕೋಣೆ. ಅಲ್ಲಿದ್ದ ಎಂಜಿನಿಯರಿಗೆ ಮೂವತ್ತರ ಆಚೀಚೆ ವಯಸ್ಸು, ಅಂಗಿಯ ತೋಳು ಮಡಚಿಕೊಂಡು ಕಡತಗಳ ನಡುವೆ ಮುಳುಗಿದ್ದ. ತೂಕದಮ್ಮ ತಮ್ಮ ಹಳೆಯ ಹುದ್ದೆ ಹೇಳಿದ ಕೂಡಲೇ ಎದ್ದು ಕುರ್ಚಿ ಸರಿಸಿಕೊಟ್ಟ. "ಎಲ್ಲ ಮಿತಿಯೊಳಗೇ ಇದೆ ಮೇಡಂ, ಪ್ರಮಾಣಪತ್ರ ಇದೆ," ಎಂದು ಕಡತ ಬಿಚ್ಚಿದ.

"ಅಳೆದವರು ಯಾರು?"

"ಅಳೆಯೋದಿಲ್ಲ, ಲೆಕ್ಕ ಹಾಕ್ತಾರೆ. ಕಂಪನಿಯವರೇ ಲೆಕ್ಕ ಹಾಕಿ ಸಹಿ ಮಾಡಿಕೊಡ್ತಾರೆ. ದೂರು ಬಂದ ಕಡೆ ನಾವು ಹೋಗಿ ನೋಡ್ತೀವಿ."

"ಅಂಗಡಿಯವನು ತನ್ನ ತಕ್ಕಡಿಗೆ ತಾನೇ ಮುದ್ರೆ ಒತ್ತಿಕೊಂಡ ಹಾಗೆ."

ಎಂಜಿನಿಯರ್ ಕತ್ತಿನ ಹಿಂಭಾಗ ಕೆರೆದುಕೊಂಡ. ಇಡೀ ಪ್ರಾಂತ್ಯಕ್ಕೆ ಇರುವುದು ಅವನೊಬ್ಬನೇ, ಟವರುಗಳು ಒಂಬೈನೂರು ಚಿಲ್ಲರೆ. ಅದನ್ನೂ ಮುಚ್ಚಿಡದೆ ಹೇಳಿದ.

ಕಡತದಲ್ಲಿ ಒಂದು ನಕಾಶೆ ಇತ್ತು. ತೂಕದಮ್ಮ ಕನ್ನಡಕ ಒರೆಸಿಕೊಂಡು ಅದನ್ನು ಕಾಲುಗಂಟೆ ನೋಡಿದರು. ಆಮೇಲೆ ಬೆರಳಿಟ್ಟು, "ಇದರಲ್ಲಿ ನಾಲ್ಕು ಪೆಟ್ಟಿಗೆ ಇವೆ. ಅಲ್ಲಿ ಆರು ಇವೆ, ನಮ್ಮ ಕಿಟಕಿಯಿಂದ ದಿನಾ ಎಣಿಸ್ತೀನಿ. ಇನ್ನು ಇದು ನಮ್ಮ ಕಟ್ಟಡ ತಾನೆ? ಇದಕ್ಕೆ ಎರಡೇ ಮಹಡಿ ಬರೆದಿದ್ದಾರೆ," ಎಂದರು.

ನಾನು ಬಗ್ಗಿ ನೋಡಿದೆ, ನಿಜ. ನಮ್ಮ ಮೇಲಿನ ಎರಡು ಮಹಡಿ ಕಟ್ಟಿ ಒಂಬತ್ತು ವರ್ಷವಾಗಿತ್ತು. ಕಂಪನಿಯವರು ಹಳೆಯ ನಕಾಶೆ ಇಟ್ಟುಕೊಂಡು ಲೆಕ್ಕ ಹಾಕಿದ್ದರು. ಅವರ ಪ್ರಕಾರ ನಾನೂ, ತೂಕದಮ್ಮನೂ, ಆ ಬಸುರಿಯೂ ಆಕಾಶದಲ್ಲಿ ವಾಸವಾಗಿದ್ದೆವು.

"ಯಾರೂ ಸುಳ್ಳು ಬರೆದಿಲ್ಲ," ಎಂದರು ತೂಕದಮ್ಮ, ಕಡತ ಮುಚ್ಚುತ್ತ. "ಯಾರೂ ಬಂದು ನೋಡಿಲ್ಲ, ಅಷ್ಟೇ. ನೀವು ಬಂದು ಅಳೀರಿ."

"ಅಳೆಯೋ ಮೀಟರು ಒಂದೇ ಇರೋದು ಮೇಡಂ. ಅದನ್ನೇ ಸರಿಯಿದೆಯಾ ಅಂತ ಪರೀಕ್ಷೆಗೆ ಕಳಿಸಿದ್ದೀವಿ. ಏಳು ವಾರ ಆಗುತ್ತೆ."

ನನಗೆ ಸಿಟ್ಟು ಬಂತು. ತೂಕದಮ್ಮನ ಮುಖ ಮಾತ್ರ ಅರಳಿತು. "ಮೀಟರನ್ನೂ ಪರೀಕ್ಷೆ ಮಾಡಿಸ್ತೀರಾ? ಒಳ್ಳೆ ಕಚೇರಿ. ಕಾಯ್ತೀವಿ ಬಿಡಿ."

ಆ ಏಳು ವಾರ ಅವರು ಸುಮ್ಮನೆ ಕೂರಲಿಲ್ಲ. ನಾಲ್ಕನೇ ಮಹಡಿಗೆ ಹೋಗಿ ಬಸುರಿಯ ಮಂಚವನ್ನು ಹಿಂದಿನ ಕೋಣೆಗೆ ಹಾಕಿಸಿದರು. "ಹಾಗಾದ್ರೆ ಅಪಾಯ ಇದೆಯಾ ಆಂಟಿ?" ಎಂದಳು ಅವಳು. "ಗೊತ್ತಿಲ್ಲ ಕಣಮ್ಮ. ಗೊತ್ತಾಗೋವರೆಗೆ ಹಿಂದೆ ಮಲಗು. ಗಾಳಿನೂ ಚೆನ್ನಾಗಿ ಬರುತ್ತೆ." ಈ ಗೊತ್ತಿಲ್ಲ ಎಂಬ ಮಾತು ಕೇಳಿ ಆ ಹುಡುಗಿಯ ಮುಖ ಎಷ್ಟೋ ದಿನದ ಮೇಲೆ ಸಡಿಲವಾಯಿತು. ನಾನು ಮಂಚದ ಇನ್ನೊಂದು ತುದಿ ಹಿಡಿದು ನಿಂತಿದ್ದೆ. ನನಗೆ ನಾಚಿಕೆಯಾಯಿತು.

ಇನ್ನೊಂದು ಕೆಲಸವೆಂದರೆ ಕಿಟಕಿಯಲ್ಲಿ ಕೂತು ಎದುರು ಮಾಳಿಗೆ ನೋಡುವುದು. ಅದಕ್ಕೆಂದೇ ಅಲ್ಯೂಮಿನಿಯಂ ಹಾಳೆಯಲ್ಲಿ ಅಂಗೈ ಅಗಲದ ಕಿಂಡಿ ಕತ್ತರಿಸಿದರು. ಗಂಡ ಎಷ್ಟು ಗೊಣಗಿದರೂ ಮುಚ್ಚಲು ಬಿಡಲಿಲ್ಲ.

ಎಂಟನೇ ವಾರದ ಮಂಗಳವಾರ ಮೀಟರು ಬಂತು. ಕೋಲಿನ ತುದಿಗೆ ಕಿತ್ತಳೆ ಗಾತ್ರದ ಬಿಳಿ ಗುಂಡು, ಕೆಳಗೆ ಪುಟ್ಟ ಪರದೆ. ಇಡೀ ಕಟ್ಟಡ ಮದುಮಗನನ್ನು ನೋಡುವ ಹಾಗೆ ಮೆಟ್ಟಿಲ ಮೇಲೆ ಸಾಲಾಗಿ ನಿಂತಿತು. ತೂಕದಮ್ಮ ಮೊದಲು ಕೇಳಿದ್ದು ಮೀಟರಿನ ಹಿಂದಿನ ಚೀಟಿ. ಪರೀಕ್ಷೆಯ ತಾರೀಖು, ಸಹಿ, ಸಂಖ್ಯೆ ಮೂರನ್ನೂ ಓದಿ ತಲೆಯಾಡಿಸಿದ ಮೇಲೆಯೇ ಎಂಜಿನಿಯರಿಗೆ ಒಳಗೆ ಪ್ರವೇಶ.

ಮೂರನೇ ಮಹಡಿಯ ಕಿಟಕಿ ತೆರೆದು ಆರು ನಿಮಿಷ ಅಳೆದ. ಮಿತಿಯನ್ನು ನೂರು ಎಂದಿಟ್ಟುಕೊಂಡರೆ ಎರಡು ಬಂತು. ನಾಲ್ಕನೇ ಮಹಡಿಯಲ್ಲಿ ನಾಲ್ಕು. ಬಸುರಿಯ ಹೊಸ ಕೋಣೆಯಲ್ಲಿ ಒಂದಕ್ಕಿಂತ ಕಡಿಮೆ. ಸಲೂನಿನಲ್ಲಿ ಅಂಕಿ ಅಲುಗಲೇ ಇಲ್ಲ ಅನ್ನಬಹುದು. "ಹಾಗಾದ್ರೆ ಕೂದಲು?" ಎಂದ ಸಲೂನಿನವನು. "ಅದು ನನ್ನ ಇಲಾಖೆ ಅಲ್ಲ," ಎಂದ ಎಂಜಿನಿಯರ್.

ಕರಡು ಮೇಷ್ಟ್ರಿಗೆ ಸಮಾಧಾನವಾಗಲಿಲ್ಲ. ಹಾಸಿಗೆಯ ಹತ್ತಿರವೂ ಅಳೆಯಬೇಕು ಎಂದರು. ಗುಂಡನ್ನು ದಿಂಬಿನ ಪಕ್ಕ ಹಿಡಿದಾಗ ಅಂಕಿ ತಟಕ್ಕನೆ ಮೇಲೇರಿತು. "ನೋಡಿ, ನಾನು ಹೇಳ್ತಿದ್ದೆ," ಎಂದು ಅವರು ಎದ್ದು ನಿಂತರು. ಎಂಜಿನಿಯರ್ ದಿಂಬು ಎತ್ತಿದ. ಅದರಡಿ ಮೇಷ್ಟ್ರ ಫೋನು, ಒಂದು ಎಚ್ಚರಿಕೆ ಸಂದೇಶ ಕಳಿಸಲಾಗದೆ ತಿಣುಕಾಡುತ್ತಿತ್ತು. "ಇದೂ ಮಿತಿಯೊಳಗೇ ಇದೆ ಸಾರ್. ಆದ್ರೆ ಟವರಿಗಿಂತ ಇದೇ ನಿಮಗೆ ಹತ್ತಿರ. ನೀವು ಹಾಳೆ ಅಂಟಿಸಿದಷ್ಟೂ ಇದು ಜೋರಾಗಿ ಕೂಗಬೇಕಾಗುತ್ತೆ." ಮೇಷ್ಟ್ರು ಫೋನನ್ನು ಹಜಾರದ ಕಪಾಟಿನ ಮೇಲಿಟ್ಟು ಬಂದರು.

ಆಗ ಬಸುರಿ ಕೇಳಿದಳು, "ಮಿತಿಯೊಳಗೆ ಇದ್ರೆ ಏನೂ ಆಗಲ್ಲ ಅಂತಲೇ ಅರ್ಥಾನಾ?"

ಎಂಜಿನಿಯರ್ ಮೀಟರು ಕೆಳಗಿಟ್ಟ. "ಮೈ ಬಿಸಿಯಾಗೋದನ್ನ ನೋಡಿ ಆ ಮಿತಿ ಇಟ್ಟಿದ್ದಾರೆ, ಅದಕ್ಕಿಂತ ಬಹಳ ಕೆಳಗೆ. ನೀವಿರೋ ಮಟ್ಟದಲ್ಲಿ ತೊಂದರೆ ಆಗುತ್ತೆ ಅಂತ ಇಲ್ಲಿವರೆಗೆ ಗಟ್ಟಿಯಾಗಿ ಯಾರೂ ತೋರಿಸಿಲ್ಲ. ಮೂವತ್ತು ನಲವತ್ತು ವರ್ಷಕ್ಕೆ ಏನು ಅಂತ ಇನ್ನೂ ನೋಡ್ತಾನೇ ಇದ್ದಾರೆ. ನನಗೂ ಎರಡು ವರ್ಷದ ಮಗಳಿದ್ದಾಳೆ, ನಮ್ಮ ಮನೆ ಎದುರಿಗೂ ಟವರಿದೆ. ನಾನು ಹೆದರಿಲ್ಲ. ಅಷ್ಟು ಹೇಳಬಲ್ಲೆ."

"ಗೊತ್ತಿರೋದಷ್ಟನ್ನೇ ಹೇಳಿದ್ರಿ. ಕೂತ್ಕೊಳ್ಳಿ, ಚಹಾ ಕುಡಿಯುವಿರಂತೆ," ಎಂದರು ತೂಕದಮ್ಮ.

ಎಲ್ಲರೂ ಹಗುರಾದರು. ಎಂಜಿನಿಯರ್ ಚಹಾ ಮುಗಿಸಿ ಮೀಟರನ್ನು ಚೀಲಕ್ಕೆ ಹಾಕಲು ಹೊರಟ.

"ಇನ್ನೊಂದು ಕಡೆ ಉಳೀತು," ಎಂದು ತೂಕದಮ್ಮ ಕಿಟಕಿಯ ಆಚೆ ತೋರಿಸಿದರು. "ಆ ಮಾಳಿಗೆ ಮೇಲೆ."

"ಅಲ್ಲಿಗೆ ಯಾರೂ ಹೋಗಲ್ಲ ಮೇಡಂ. ಅರ್ಜಿಯಲ್ಲೇ ಹಾಗಂತ ಬರೆದಿದ್ದಾರೆ."

"ಹೋಗ್ತಾರೆ. ದಿನಾ ಬೆಳಿಗ್ಗೆ ಹತ್ತರಿಂದ ಹನ್ನೊಂದೂವರೆ. ಏಳು ವಾರದಿಂದ ನೋಡ್ತಿದ್ದೀನಿ. ಯಾರನ್ನೂ ಹತ್ತಿಸಬೇಡಿ ಅಂತ ವಸತಿಗೃಹದವರಿಗೆ ಆಗಲೇ ಹೇಳಿ ಕಳಿಸಿದೆ, ಕಿವಿಗೆ ಹಾಕ್ಕೊಳ್ಳಲಿಲ್ಲ. ಈಗಲೂ ಇದ್ದಾಳೆ, ಬನ್ನಿ ಇಲ್ಲಿ."

ನಾವು ಕಿಟಕಿಗೆ ಮುತ್ತಿದೆವು. ಎದುರು ಮಾಳಿಗೆಯಲ್ಲಿ ಬಿಳಿ ಹೊದಿಕೆಗಳು ಗಾಳಿಗೆ ಉಬ್ಬುತ್ತಿದ್ದವು. ಅವುಗಳ ನಡುವೆ ವಸತಿಗೃಹದ ಬಟ್ಟೆ ಒಗೆಯುವ ಹೆಂಗಸು ಬಕೆಟ್ ಇಟ್ಟುಕೊಂಡು ನಿಂತಿದ್ದಳು. ಹಿಂದೆ ಒಂದು ಮೊಳ ದೂರದಲ್ಲಿ, ಸರಿಯಾಗಿ ಅವಳ ತಲೆಯ ಎತ್ತರಕ್ಕೆ ಆ ಬೂದು ಪೆಟ್ಟಿಗೆ. ಎರಡು ತಿಂಗಳಿಂದ ನಾವು ನಮ್ಮ ಕೂದಲು, ನಮ್ಮ ಗುಲಾಬಿ ಎಂದು ಕೂಗಾಡಿದ್ದೆವು. ದಿನವೂ ಕಣ್ಣೆದುರಿಗಿದ್ದ ಅವಳು ನಮ್ಮ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಎಂಜಿನಿಯರ್ ಮೆಟ್ಟಿಲುಗಳನ್ನು ಎರಡೆರಡಾಗಿ ಇಳಿದ. ಹಿಂದೆ ನಾನು, ನನ್ನ ಹಿಂದೆ ಅರವತ್ತೇಳರ ತೂಕದಮ್ಮ. ಮಾಳಿಗೆಯಲ್ಲಿ ಹಗ್ಗದ ಹತ್ತಿರ ಗುಂಡನ್ನು ಹಿಡಿದಾಗ ಮೀಟರು ಕೀ ಎಂದು ಕೂಗತೊಡಗಿತು. ನೂರ ಎಂಬತ್ತು.

ಅವನು ಆ ಹೆಂಗಸನ್ನು ಕೈ ಹಿಡಿದು ಪೆಟ್ಟಿಗೆಗಳ ಹಿಂದಕ್ಕೆ ಕರೆತಂದ. ಅಲ್ಲಿಂದಲೇ ಕಂಪನಿಗೆ ಫೋನ್ ಮಾಡಿ, ಬೀದಿ ಕಡೆಯ ಎರಡೂ ಪೆಟ್ಟಿಗೆಗಳನ್ನು ಈಗಿಂದೀಗಲೇ ನಿಲ್ಲಿಸಿ ಎಂದ. ದನಿ ಏರಿಸಲಿಲ್ಲ, ಆದರೆ ಒಂದು ಗಂಟೆಯೊಳಗೆ ನಿಂತವು.

"ಇದು ಏನು ಅಂತ ನನಗೆ ಯಾರೂ ಹೇಳಲಿಲ್ಲ ಅಕ್ಕ," ಎಂದಳು ಆ ಹೆಂಗಸು ತೂಕದಮ್ಮನಿಗೆ. "ಕಂಬ ಗಟ್ಟಿಯಾಗಿತ್ತು. ಹಗ್ಗ ಕಟ್ಟೋಕೆ ಒಳ್ಳೇದಾಯ್ತು ಅಂದ್ಕೊಂಡೆ."

ತೂಕದಮ್ಮ ಮರುದಿನವೇ ಅವಳನ್ನು ವೈದ್ಯರಲ್ಲಿಗೆ ಕರೆದೊಯ್ದರು. ಕಣ್ಣು, ರಕ್ತ ಎಲ್ಲ ನೋಡಿ, ಏನೂ ಆಗಿಲ್ಲ ಎಂದರು. ವಸತಿಗೃಹದ ಮಾಲೀಕ ಎರಡು ದಿನ ಗುರ್ ಎಂದ, ಮೂರನೇ ದಿನ ಕ್ಷಮೆ ಕೇಳಿದ. ಕಂಪನಿಯ ವ್ಯವಸ್ಥಾಪಕ ನಗುನಗುತ್ತ ಬಂದು ಕಂಪನಿಯ ಗುರುತಿದ್ದ ಛತ್ರಿಯೊಂದನ್ನು ತೂಕದಮ್ಮನ ಮೇಜಿನ ಮೇಲಿಟ್ಟ. ಹೊರಡುವಾಗ ಅವರು ಅದನ್ನು ನೆನಪಿನಿಂದ ಅವನ ಕೈಗೇ ಕೊಟ್ಟರು. "ಮಳೆ ಬರೋ ಹಾಗಿದೆ, ನಿಮಗೇ ಬೇಕಾಗುತ್ತೆ."

ಟವರು ಕಿತ್ತುಹಾಕಿ ಎಂದು ಅವರು ಬರೆಯಲಿಲ್ಲ. ಪ್ರಮಾಣಪತ್ರ ಕೊಡುವ ಮುಂಚೆ ಒಬ್ಬರು ಮಾಳಿಗೆ ಹತ್ತಿ ಕಣ್ಣಾರೆ ನೋಡಬೇಕು, ಪೆಟ್ಟಿಗೆ ಹೆಚ್ಚಿಸಿದಾಗಲೆಲ್ಲ ಮತ್ತೆ ಅಳೆಯಬೇಕು, ಅಲ್ಲಿ ಓಡಾಡುವ ಕೆಲಸದವರಿಗೆ ಅವರಿಗೆ ಅರ್ಥವಾಗುವ ಮಾತಿನಲ್ಲಿ ತಿಳಿಸಬೇಕು ಎಂದು ನಿಸ್ತಂತು ಕಚೇರಿಗೆ ಎರಡು ಪುಟ ಬರೆದರು. ಕರಡು ಮೇಷ್ಟ್ರು ಅದರಲ್ಲಿ ಹನ್ನೊಂದು ತಪ್ಪು ಹುಡುಕಿದರು. ಎಂಟನ್ನು ತೂಕದಮ್ಮ ಒಪ್ಪಿಕೊಂಡರು. ಆ ಪತ್ರದ ಮೇಲೆ ಎಂಜಿನಿಯರ್ ತನ್ನ ಟಿಪ್ಪಣಿ ಸೇರಿಸಿ ಮೇಲಕ್ಕೆ ಕಳಿಸಿದ. ನಾಲ್ಕು ತಿಂಗಳು ಏನೂ ಸುದ್ದಿಯಿಲ್ಲ. ಐದನೇ ತಿಂಗಳು, ನಮ್ಮ ಪ್ರಾಂತ್ಯದ ಮಟ್ಟಿಗೆ ಮೊದಲ ಎರಡು ಮಾತಿಗೆ ಒಪ್ಪಿಗೆ ಬಂತು. ಮೂರನೆಯದು ಪರಿಶೀಲನೆಯಲ್ಲಿದೆ ಎಂದು ಬರೆದಿದ್ದರು. ಈಗಲೂ ಪರಿಶೀಲನೆಯಲ್ಲೇ ಇದೆ. ತೂಕದಮ್ಮ ಪ್ರತಿ ತಿಂಗಳು ಒಂದು ಕಾರ್ಡು ಹಾಕುತ್ತಾರೆ.

ಒಪ್ಪಿಗೆಗೆ ಕಾಯುತ್ತಿದ್ದ ದಿನಗಳಲ್ಲೇ ನಾಲ್ಕನೇ ಮಹಡಿಯವಳಿಗೆ ಮಗು ಹುಟ್ಟಿತು. ಹೆಣ್ಣು, ಮೂರು ಕಿಲೋ ಇನ್ನೂರು ಗ್ರಾಂ. ಆಸ್ಪತ್ರೆಯ ತೂಕದ ಯಂತ್ರಕ್ಕೆ ಈ ವರ್ಷದ ಮುದ್ರೆ ಇತ್ತೇ ಎಂದು ತೂಕದಮ್ಮ ವಿಚಾರಿಸಿದರು. ಇತ್ತಂತೆ. ಮಂಚ ಮತ್ತೆ ಮುಂದಿನ ಕೋಣೆಗೆ ಹೋಗಲಿಲ್ಲ. ಹಿಂದೆ ಗಾಳಿ ನಿಜವಾಗಿಯೂ ಚೆನ್ನಾಗಿತ್ತು.

ಎದುರಿನ ಎರಡು ಪೆಟ್ಟಿಗೆಗಳನ್ನು ಎತ್ತರದ ಕಂಬಕ್ಕೆ ಏರಿಸಿದರು. ಕೆಳಗೆ ಕಟಕಟೆ ಹಾಕಿ ಫಲಕ ನೆಟ್ಟರು. ಬಟ್ಟೆ ಒಣಹಾಕುವ ಜಾಗವನ್ನು ಮಾಳಿಗೆಯ ಮೆಟ್ಟಿಲು ಗೂಡಿನ ಹಿಂದಕ್ಕೆ ಬದಲಾಯಿಸಿದರು. ಎಲ್ಲ ಸುಸೂತ್ರವಾಯಿತು ಎಂದು ನಾನು ಸಂಘದ ಪುಸ್ತಕದಲ್ಲಿ ಬರೆದೂ ಬಿಟ್ಟೆ.

ಹತ್ತು ದಿನಕ್ಕೆ ಬಟ್ಟೆ ಒಗೆಯುವ ಹೆಂಗಸು ಮೂರನೇ ಮಹಡಿಯ ಬಾಗಿಲು ತಟ್ಟಿದಳು. ನಾನೂ ಅಲ್ಲೇ ಕೂತಿದ್ದೆ.

"ಅಕ್ಕ, ನೀವು ಒಳ್ಳೇದೇ ಮಾಡಿದ್ರಿ, ಇಲ್ಲ ಅನ್ನಲ್ಲ. ಆದ್ರೆ ಅಲ್ಲಿ ಬಿಸಿಲೇ ಬರಲ್ಲ. ಹೊದಿಕೆ ಸಂಜೆವರೆಗೂ ಒಣಗ್ತಿಲ್ಲ. ಮುಗ್ಗಲು ವಾಸನೆ ಅಂತ ಬಂದವರೆಲ್ಲ ನನ್ನೇ ಬೈತಾರೆ."

ತೂಕದಮ್ಮ ಕೈಯಲ್ಲಿದ್ದ ಲೋಟ ಕೆಳಗಿಟ್ಟರು. ಅಷ್ಟು ವರ್ಷದಲ್ಲಿ ಅವರು ಪೆಚ್ಚಾದದ್ದನ್ನು ನಾನು ನೋಡಿದ್ದು ಅದೊಂದೇ ಸಲ. "ಅದನ್ನ ನಾನು ಯೋಚನೆ ಮಾಡಲೇ ಇಲ್ಲ ನೋಡು," ಎಂದರು. "ನಿನ್ನನ್ನ ಒಂದು ಮಾತು ಕೇಳಬೇಕಿತ್ತು."

ಆ ವಾರದ ಕೊನೆಗೆ ಎಂಜಿನಿಯರ್ ಮತ್ತೆ ಬಂದ. ಈ ಸಲ ಮಾಳಿಗೆಯಲ್ಲಿ ಅವನು ಮೀಟರು ಹಿಡಿದು ಮುಂದೆ ಮುಂದೆ ನಡೆದ. ಆ ಹೆಂಗಸು ಹಣೆಗೆ ಕೈ ಅಡ್ಡ ಹಿಡಿದು ಬಿಸಿಲು ನೋಡುತ್ತ ಪಕ್ಕದಲ್ಲಿ ನಡೆದಳು. ಅವನು "ಇಲ್ಲಿ ಎರಡೇ ಇದೆ" ಎಂದರೆ, ಅವಳು "ಇಲ್ಲಿ ಮಧ್ಯಾಹ್ನದ ಮೇಲೆ ನೆರಳು" ಎನ್ನುತ್ತಿದ್ದಳು. ಅವಳು "ಇಲ್ಲಿ ಆಗುತ್ತೆ" ಎಂದಲ್ಲಿ ಅವನು ಬೇಡವೆಂದು ತಲೆ ಅಲ್ಲಾಡಿಸುತ್ತಿದ್ದ. ಅರ್ಧ ಗಂಟೆ ಹೀಗೆ ಸುತ್ತಿ, ಕೊನೆಗೆ ಪೆಟ್ಟಿಗೆಗಳ ಬೆನ್ನ ಹಿಂದೆ, ಪಡುವಣ ಮೂಲೆಯಲ್ಲಿ ಇಬ್ಬರೂ ಒಟ್ಟಿಗೆ ನಿಂತರು. ತೂಕದಮ್ಮ ಹಗ್ಗದ ಒಂದು ತುದಿ ಹಿಡಿದರು, ಇನ್ನೊಂದನ್ನು ನನ್ನ ಕೈಗೆ ಕೊಟ್ಟರು. ಆ ಹೆಂಗಸು ಎರಡು ಗಂಟು ಬಿಗಿದು, ಬಕೆಟ್ಟಿನಿಂದ ಮೊದಲ ಹೊದಿಕೆ ಎತ್ತಿ ಝಾಡಿಸಿದಳು. ಎಂಜಿನಿಯರಿನ ಕನ್ನಡಕದ ಮೇಲೆಲ್ಲ ನೀರು ಹಾರಿತು. ಅವನು ಅದನ್ನು ಒರೆಸಿಕೊಳ್ಳುತ್ತ, ಪರದೆಯ ಅಂಕಿಯನ್ನು ಗಟ್ಟಿಯಾಗಿ ಓದಿ ಬರೆದುಕೊಂಡ.